ಬಲಿತ ಟ್ರಾನ್ಸ್‌ಫಾರ್ಮರು

ರೇಡಿಯೋ ರಿಪೇರಿ ಅಂಗಡಿ ಇಟ್ಟವನು ನಗುವಿಗಾಗಿ ಎಲ್ಲೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಕಂಕುಳಲ್ಲಿ ಏನಾದರೊಂದು ಕೆಟ್ಟ ಸಾಮಾನು ಇರುಕಿಕೊಂಡು ಮೆಟ್ಟಿಲು ಹತ್ತಿ ಬರುತ್ತದೆ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನ ಅಂಗಡಿಯಿದ್ದದ್ದು ಗಾಜಿನ ವಾಲ್ವುಗಳ ರೇಡಿಯೋ ಕಾಲದಲ್ಲಿ, ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಜನ ರೇಡಿಯೋ ತರುತ್ತಿದ್ದರು, ಗೋಡೆ ಗಡಿಯಾರ ತರುತ್ತಿದ್ದರು, ಒಬ್ಬರು ತಮ್ಮ ಅಳಿಯನನ್ನೇ ಕರೆತಂದು ಇವನಿಗೆ ಏನಾದರೂ ಕೆಲಸ ಕಲಿಸಿ ಅಂತ ಬಿಟ್ಟುಹೋಗಿದ್ದರು. ಅವನ್ನೆಲ್ಲ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಇಲ್ಲಿ ಹೇಳುವುದು ಒಂದೇ ಒಂದು ಟ್ರಾನ್ಸ್‌ಫಾರ್ಮರಿನ ವಿಷಯ. ಅದನ್ನು ಆರಿಸಲು ನನಗೊಬ್ಬನಿಗೆ ಬಿಟ್ಟಿದ್ದರೆ ಐದು ನಿಮಿಷದ ಕೆಲಸ. ಬಿಡಲಿಲ್ಲ.

೧. ಕೆಟ್ಟದ್ದು ಯಾರ ಕಿವಿ

ಒಂದು ಬೆಳಿಗ್ಗೆ ಬೇಲೂರಿನ ಹರಿಕಥೆ ದಾಸರು ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಅರವತ್ತು ದಾಟಿದವರು. ನಾನು ಚಿಕ್ಕವನಾಗಿದ್ದಾಗ ಅವರು ಕೆರೆಯ ಈ ದಡದಲ್ಲಿ ಕಥೆ ಮಾಡಿದರೆ ಆ ದಡದಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ಕೇಳುತ್ತಿದ್ದರಂತೆ. ಈಗ ಸ್ಟೂಲಿನ ಮೇಲೆ ಕೂತು ಅವರು ಆಡಿದ ಮೊದಲ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

"ನನ್ನ ಗಂಟಲಿಗೆ ಏನೂ ಆಗಿಲ್ಲ ಕಣಪ್ಪಾ," ಅಂದರು ಎರಡನೆಯ ಸಲ. "ಈಗಿನ ಜನಗಳ ಕಿವಿ ಕೆಟ್ಟಿದೆ. ಅದಕ್ಕೆ ನಿನ್ನಲ್ಲಿ ಏನಾದ್ರೂ ಉಪಾಯ ಇದೆಯೇನು?"

ಅವರಿಗೆ ಬೇಕಾಗಿದ್ದದ್ದು ಸ್ವಂತದ್ದೊಂದು ಸಣ್ಣ ಆಂಪ್ಲಿಫೈಯರು, ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವಂಥದ್ದು. ಬಾಣಾವರದ ರಾಮೋತ್ಸವದಲ್ಲಿ ಏಳು ದಿನದ ಕಥೆ ಬಹಳ ವರ್ಷದಿಂದ ಅವರದ್ದೇ. ಹೋದ ವರ್ಷ ಹಿಂದಿನ ಸಾಲಿನವರು ಕಥೆ ಕೇಳದೆ ತಮ್ಮತಮ್ಮಲ್ಲೇ ಹರಟುತ್ತ ಕೂತಿದ್ದರಂತೆ. ಈ ವರ್ಷ ಸಮಿತಿಯ ಅಧ್ಯಕ್ಷರು ಕಾಗದ ಬರೆದಿದ್ದರು: ಮೈಕು ತರಬೇಕು, ಮೊದಲ ದಿನ ಕೊನೆಯ ಸಾಲಿಗೆ ಕೇಳಿಸಿದರೆ ಸರಿ, ಇಲ್ಲವಾದರೆ ಉಳಿದ ಆರು ದಿನ ನಾಟಕದವರನ್ನು ಕರೆಸುತ್ತೇವೆ.

"ಬಾಣಾವರದವರು ಬೇಡ ಅಂದ್ರೆ ಜಾವಗಲ್ಲಿನವರೂ ಬೇಡ ಅಂತಾರೆ, ಹಳೇಬೀಡಿನವರೂ ಬೇಡ ಅಂತಾರೆ," ಅಂದರು ದಾಸರು, ಕೈಯಲ್ಲಿದ್ದ ತಾಳದ ಚಿಟಿಕೆಗಳನ್ನು ನೋಡುತ್ತ. "ಆಮೇಲೆ ನಾನು ಮನೇಲಿ ಕೂತು ಯಾರಿಗೆ ಕಥೆ ಹೇಳಲಿ?"

ಇದನ್ನು ಹೇಳುವಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ವಾಲ್ವುಗಳು ನನ್ನಲ್ಲಿದ್ದವು, ಮೈಕಿತ್ತು, ತುತ್ತೂರಿಯಂಥ ಸ್ಪೀಕರಿತ್ತು. ಇಲ್ಲದ್ದು ಪವರ್ ಟ್ರಾನ್ಸ್‌ಫಾರ್ಮರು ಒಂದೇ ಅಂದೆ. ಅದೇನು ಅಂತ ಕೇಳಿದರು. ಗೋಡೆಯಿಂದ ಬರುವ ಕರೆಂಟನ್ನು ತೆಗೆದುಕೊಂಡು ವಾಲ್ವಿನೊಳಗಿನ ದೀಪ ಉರಿಯುವುದಕ್ಕೆ ಒಂದಿಷ್ಟು, ದನಿ ಏರಿಸುವುದಕ್ಕೆ ಒಂದಿಷ್ಟು ಅಂತ ಬೇರೆಬೇರೆಯಾಗಿ ಹಂಚುವುದು ಅದರ ಕೆಲಸ ಅಂತ ವಿವರಿಸಿದೆ. ಮದುವೆ ಮನೆಯ ಅಡಿಗೆಯವರು ಒಂದೇ ಒಲೆಯಿಂದ ಹುಡುಗರಿಗೆ ಖಾರದ್ದು, ಮುದುಕರಿಗೆ ಸಪ್ಪೆಯದು ಮಾಡಿ ಬಡಿಸುವ ಹಾಗೆ. ಚಿಕ್ಕದಾದರೆ ಸುಟ್ಟುಹೋಗುತ್ತದೆ, ತೀರ ದೊಡ್ಡದಾದರೆ ಹೊರಲಾಗುವುದಿಲ್ಲ. ಮೂಲೆಯಲ್ಲಿ ಕೂತು ಬಿಸಿಯಾಗುತ್ತ ಇರುತ್ತದೆ, ಹೆಸರೆಲ್ಲ ಮುಂದಿರುವ ಮೈಕಿಗೆ ಹೋಗುತ್ತದೆ.

ದಾಸರು ತಲೆದೂಗಿದರು. "ತಿಳೀತು ಬಿಡು. ನಮ್ಮ ಪಿಟೀಲು ವಿದ್ವಾಂಸರು."

೨. ಆಡಿಸಿ ನೋಡಿ ಆರಿಸಿದ್ದು

ಟ್ರಾನ್ಸ್‌ಫಾರ್ಮರನ್ನು ದಾನವಾಗಿ ಕೊಡಲು ನಮ್ಮೂರಿನ ಕೊಬ್ಬರಿ ಮಂಡಿಯ ಸಾಹುಕಾರರು ಮುಂದೆ ಬಂದರು. ಅವರಿಗೆ ದಾಸರ ಕಥೆಯೆಂದರೆ ಪ್ರಾಣ. ಷರತ್ತು ಒಂದೇ, ಸಾಮಾನನ್ನು ತಾವೇ ನೋಡಿ ಆರಿಸಬೇಕು. ಕೊಡುವವರ ಕೈ ಹಿಡಿಯುವುದು ಹೇಗೆ? ಬೆಂಗಳೂರಿನಲ್ಲಿ ತಂತಿ ಸುತ್ತುವವರಿಗೆ ಬರೆದು, ನೋಡಿ ಆರಿಸಲೆಂದು ಮೂರು ಟ್ರಾನ್ಸ್‌ಫಾರ್ಮರುಗಳನ್ನು ರೈಲ್ವೆ ಪಾರ್ಸಲಿನಲ್ಲಿ ತರಿಸಿದೆ.

ಮೂರನ್ನೂ ಮೇಜಿನ ಮೇಲಿಟ್ಟು ಚೀಟಿಗಳನ್ನು ಓದತೊಡಗಿದೆ. ಇದು ಎಷ್ಟು ವೋಲ್ಟು ಕೊಡುತ್ತದೆ, ಎಷ್ಟು ಕರೆಂಟು ತಡೆಯುತ್ತದೆ. ನಡುವಿನದು ನಮಗೆ ಹೇಳಿಮಾಡಿಸಿದ ಹಾಗಿತ್ತು. ಸಾಹುಕಾರರು ನನ್ನ ಮಾತು ಮುಗಿಯುವವರೆಗೂ ಕಾಯುವ ಸೌಜನ್ಯ ತೋರಿಸಿ, ಆಮೇಲೆ ಮೊದಲನೆಯದನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಜೋರಾಗಿ ಆಡಿಸಿದರು.

ನಮ್ಮ ಕಡೆ ಕೊಬ್ಬರಿಗೆ ಇಟ್ಟ ಕಾಯನ್ನು ಹೀಗೆಯೇ ನೋಡುವುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದ ಕಾಯಿಯೊಳಗೆ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಆಡಿಸಿದಾಗ ಗಡಗಡ ಅಂದರೆ ಅದು ಬಲಿತಿದೆ ಅಂತ. ಸಾಹುಕಾರರ ಕಿವಿ ಈ ವಿಷಯದಲ್ಲಿ ಸುತ್ತ ಹತ್ತೂರಿಗೆ ಪ್ರಮಾಣ.

ಮೊದಲನೆಯದು ಸದ್ದು ಮಾಡಲಿಲ್ಲ, ನಡುವಿನದೂ ಮಾಡಲಿಲ್ಲ. ಮೂರನೆಯದು, ಚೀಟಿ ಕಿತ್ತುಹೋಗಿದ್ದದ್ದು, ಗಡಗಡ ಅಂದಿತು. ಸಾಹುಕಾರರ ಮುಖ ಅರಳಿತು.

ಸದ್ದು ಬರುತ್ತಿರುವುದು ಒಳಗಿನ ಕಬ್ಬಿಣದ ತಗಡುಗಳು ಸಡಿಲವಾಗಿರುವುದರಿಂದ, ಕರೆಂಟು ಕೊಟ್ಟರೆ ಗುಂಯ್‌ಗುಡುತ್ತದೆ, ಇದು ದೋಷ ಅಂತ ನಾನು ಬಗೆಬಗೆಯಾಗಿ ಹೇಳಿದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

"ಸ್ವಾಮಿ, ಓದು ನಿಮಗೈತೆ, ಒಪ್ತೀನಿ. ಆದ್ರೆ ಅವೆರಡು ಇನ್ನೂ ಹಸೀವು. ತಗೊಂಡೋಗಿ ಅಟ್ಟದ ಮ್ಯಾಲೆ ಹಾಕಿ, ಒಂದೊರ್ಸ ಬಿಟ್ಟು ನೋಡುವ."

ದಾನ ಕೊಟ್ಟವರ ಮನಸ್ಸು ನೋಯಿಸಬಾರದೆಂದು ಮೂರನೆಯದನ್ನೇ ಜೋಡಿಸಿದೆ. ಉಳಿದೆರಡನ್ನು ಬೆಂಗಳೂರಿಗೆ ವಾಪಸು ಕಳಿಸುವ ಮೊದಲು ಯಾಕೋ ಮನಸ್ಸು ತಡೆಯಿತು. ಸಾಹುಕಾರರು ಹೇಳಿದಂತೆ ಅಟ್ಟದ ಮೇಲೆಯೇ ಇಟ್ಟೆ.

೩. ವಾದ್ಯ

ಆಂಪ್ಲಿಫೈಯರನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಗೋಣಿ ಸುತ್ತಿದ್ದಾಯಿತು. ಬಾಣಾವರಕ್ಕೆ ಮುಂಚೆ ಹಳೇಬೀಡಿನಲ್ಲಿ ಒಬ್ಬ ಮೇಷ್ಟರ ಮನೆಯಲ್ಲಿ ಕಥೆಯಿತ್ತು. ಅಲ್ಲೇ ಪರೀಕ್ಷೆ ಮಾಡಿಬಿಡೋಣ ಅಂತ ದಾಸರೂ ನಾನೂ ಬಸ್ಸು ಹತ್ತಿದೆವು.

ಕಂಡಕ್ಟರು ಗೋಣಿಮೂಟೆ ನೋಡಿ ಇದು ಬಸ್ಸಿನ ಮೇಲೆ ಹೋಗಲಿ ಅಂದ. ಮೇಲೆ ಹಾಕಿದರೆ ವಾಲ್ವುಗಳು ಪುಡಿ. ಸೀಟಿನ ಕೆಳಗೆ ಇಡಲು ಬಿಡುತ್ತಿದ್ದದ್ದು ವಾದ್ಯಗಳನ್ನು ಮಾತ್ರ, ಅದೂ ದಾಸರ ಮೇಲಿನ ಗೌರವಕ್ಕೆ. ದಾಸರು ಕಣ್ಣು ಮಿಟುಕಿಸದೆ ಇದೂ ವಾದ್ಯವೇ ಅಂದುಬಿಟ್ಟರು. ಕಂಡಕ್ಟರು ಕಿಲಾಡಿ. ಹಾಗಾದರೆ ಒಂದು ಚೂರು ನುಡಿಸಿ, ಕೇಳಿ ಪುಣ್ಯ ಕಟ್ಟಿಕೊಳ್ಳುತ್ತೇವೆ ಅಂತ ಕೈಕಟ್ಟಿ ನಿಂತ.

ದಾಸರು ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ತಾಳಕ್ಕೆ ಸರಿಯಾಗಿ ಕುಲುಕತೊಡಗಿದರು. ಒಳಗಿನ ಸಡಿಲ ತಗಡುಗಳು ಗಡಗಡ ಗಡಗಡ ಅಂದವು. ಅದರ ಮೇಲೆ ಅವರು ರಾಮನಾಮ ಎತ್ತಿಕೊಂಡರು. ಅರ್ಧ ಬಸ್ಸು ತಾಳ ಹಾಕಿತು. ನನ್ನ ಬೆಸುಗೆಗಳ ಗತಿ ನೆನೆದು ನನಗೆ ಕಣ್ಣೀರು ಬಂತು. ಪಕ್ಕದ ಸೀಟಿನ ಹೆಂಗಸು ಅದನ್ನು ನೋಡಿ, ಈ ಕಾಲದಲ್ಲೂ ಇಂಥ ಭಕ್ತರಿದ್ದಾರಲ್ಲ ಅಂದಳು.

೪. ಶ್ರುತಿ ಯಾರ ಕೈಲಿದೆ

ಮೇಷ್ಟರ ಮನೆಯ ಪಡಸಾಲೆಯಲ್ಲಿ ಸ್ವಿಚ್ಚು ಒತ್ತಿದೆ. ಮೈಕು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ನಾನು ಹೆದರಿದ್ದಂತೆ ಪೆಟ್ಟಿಗೆಯೂ ಗುಂಯ್ ಅಂತ ಒಂದೇ ಸಮನೆ ಹಾಡತೊಡಗಿತು. ನಾನು ಮುಖ ಮುಚ್ಚಿಕೊಳ್ಳುವ ಹೊತ್ತಿಗೆ ದಾಸರು ಕಣ್ಣುಮುಚ್ಚಿ ಆ ಗುಂಯ್‌ಗೆ ದನಿ ಕೂಡಿಸಿದರು.

"ಆಹಾ, ಎಂಥಾ ಶ್ರುತಿ ಕಣಪ್ಪಾ. ಇನ್ನು ಶ್ರುತಿಪೆಟ್ಟಿಗೆ ಬೇಡ."

ಜೊತೆಗೆ ನುಡಿಸಲು ನೇರ ಅಲ್ಲಿಗೇ ಬಂದಿದ್ದ ಪಿಟೀಲು ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಆದರೂ ಆ ಗುಂಯ್‌ಗೇ ತಂತಿ ಬಿಗಿದುಕೊಂಡರು. ಕಥೆ ಶುರುವಾಯಿತು. ಸಂಜೆಯಾಗುತ್ತ ಊರಿನ ದೀಪಗಳೆಲ್ಲ ಹತ್ತಿಕೊಂಡವು, ಹಿಟ್ಟಿನ ಮಿಲ್ಲು ಓಡತೊಡಗಿತು, ಕರೆಂಟು ಕುಸಿಯಿತು, ಅದರ ಜೊತೆಗೆ ಗುಂಯ್ ಕೂಡ ಕೂದಲೆಳೆಯಷ್ಟು ಕೆಳಗಿಳಿಯಿತು. ದಾಸರು ಅದರ ಜೊತೆ ತಾವೂ ಇಳಿದರು. ವಿದ್ವಾಂಸರು ಬಿರಡೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಮಿಲ್ಲು ನಿಂತಿತು, ಗುಂಯ್ ಮೇಲೇರಿತು, ದಾಸರು ಏರಿದರು. ವಿದ್ವಾಂಸರು ಮತ್ತೆ ಬಿರಡೆ ತಿರುಗಿಸಿದರು. ಸೀತಾಸ್ವಯಂವರ ಮುಗಿಯುವುದರೊಳಗೆ ಅವರು ನುಡಿಸಿದ್ದಕ್ಕಿಂತ ತಿರುಗಿಸಿದ್ದೇ ಹೆಚ್ಚಾಯಿತು.

ಮಂಗಳಾರತಿ ಆದಮೇಲೆ ಅವರು ಬೆವರು ಒರೆಸುತ್ತ ನನ್ನ ಹತ್ತಿರ ಬಂದರು. "ಒಂದು ಮಾತು ಹೇಳಿ ಸ್ವಾಮಿ. ಈ ಶ್ರುತಿ ಯಾರ ಕೈಲಿದೆ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕರೆಂಟು ಜೋಗದಿಂದ ಬರುತ್ತದೆ, ಅಲ್ಲಿ ನೀರು ಹೇಗೆ ಬೀಳುತ್ತದೋ ಹಾಗೆ.

ವಿದ್ವಾಂಸರು ಪಿಟೀಲನ್ನು ಚೀಲಕ್ಕೆ ಹಾಕಿ ದಾರ ಕಟ್ಟಿದರು. "ಹಾಗಾದ್ರೆ ಬಾಣಾವರಕ್ಕೆ ಆ ಜೋಗವನ್ನೇ ಕರಕೊಂಡು ಬನ್ನಿ," ಅಂದರು.

ಪುಣ್ಯಕ್ಕೆ ಅವರ ಕೋಪ ಎರಡೇ ದಿನಕ್ಕೆ ಇಳಿಯಿತು. ಆದರೆ ಕರೆಂಟು ಕುಸಿಯುವುದನ್ನು ಕಣ್ಣಾರೆ ಕಂಡ ನನಗೆ ಚಿಂತೆ ಹತ್ತಿತು. ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಡುವ ಕಡೆ ಎರಡು ತಂತಿಗಳಿರುತ್ತವೆ, ಪೂರ್ತಿ ಕರೆಂಟಿರುವ ಊರಿಗೆ ಒಂದು, ಸೊರಗಿದ ಕರೆಂಟಿನ ಊರಿಗೆ ಒಂದು. ನಾನು ಜಾಣತನ ಮಾಡಿ ಸೊರಗಿದ ಕರೆಂಟಿನ ತಂತಿಗೆ ಬದಲಾಯಿಸಿದೆ. ಬಾಣಾವರದಲ್ಲಿ ಸಂಜೆ ಹೊತ್ತು ದೀಪ ಉರಿಯುತ್ತಿದೆಯೋ ಇಲ್ಲವೋ ನೋಡಲು ಇನ್ನೊಂದು ದೀಪ ಬೇಕು ಅಂತ ಎಲ್ಲರೂ ಹೇಳುತ್ತಿದ್ದರಲ್ಲ.

೫. ಲೈನ್‌ಮನ್ನಿನ ಭಕ್ತಿ

ಬಾಣಾವರದ ಚಪ್ಪರ ದೊಡ್ಡದಾಗಿಯೇ ಇತ್ತು. ಕೊನೆಯ ಸಾಲಿನಲ್ಲಿ, ಪಾನಕದ ಕೊಳಗದ ಪಕ್ಕ, ಸಮಿತಿಯ ಅಧ್ಯಕ್ಷರು ತಾವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದಾಸರು ಗೆಜ್ಜೆ ಕಟ್ಟಿಕೊಳ್ಳುತ್ತ ಆ ಕುರ್ಚಿಯನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು.

ಅಧ್ಯಕ್ಷರು ಎದ್ದುನಿಂತು ಒಂದು ಎಚ್ಚರಿಕೆ ಕೊಟ್ಟರು. "ಯಾರೂ ಗುಸುಗುಸು ಮಾತಾಡಕೂಡದು. ಮೈಕು ಎಲ್ಲಾನೂ ಹಿಡೀತದೆ. ನೀವು ಆಡಿದ್ದು ಊರಿಗೆಲ್ಲ ಕೇಳ್ತದೆ, ಆಮೇಲೆ ನನ್ನ ಅನ್ನಬ್ಯಾಡಿ." ಚಪ್ಪರ ತಟ್ಟನೆ ತಣ್ಣಗಾಯಿತು. ಹಿಂದೆ ಯಾವುದೋ ಹೆಣ್ಣಿನ ಜಾತಕದ ವಿಚಾರ ಮಾತಾಡುತ್ತಿದ್ದ ಇಬ್ಬರು ಬಾಯಿಗೆ ಸೆರಗು ಇಟ್ಟುಕೊಂಡರು.

ನಾನು ಸ್ವಿಚ್ಚು ಒತ್ತಿದೆ. ವಾಲ್ವುಗಳು ಎಂದೂ ಇಲ್ಲದಷ್ಟು ಕೆಂಪಗೆ ಹೊತ್ತಿಕೊಂಡವು. ಇದೇನು ಅಂತ ನೋಡುವಷ್ಟರಲ್ಲಿ ಊರಿನ ಲೈನ್‌ಮನ್ನು ಪಕ್ಕಕ್ಕೆ ಬಂದು ಸಂತೋಷದಿಂದ ಕಿವಿಯಲ್ಲಿ ಹೇಳಿದ: "ರಾಮದೇವ್ರ ಕೆಲಸ ಅಂತ ಮಿಲ್ಲು ನಿಲ್ಸಿ, ಕೆಳಗಲ ಕೇರಿ ಲೈನೂ ತೆಗ್ದು, ಇರೋ ಕರೆಂಟೆಲ್ಲ ಇಲ್ಲಿಗೇ ಬಿಟ್ಟಿವ್ನಿ. ನಿಮಗೇನೂ ಕಮ್ಮಿ ಆಗಾಕಿಲ್ಲ."

ಸೊರಗಿದ ಕರೆಂಟಿಗೆಂದು ಕಟ್ಟಿದ ತಂತಿಗೆ ಅವನು ಇಡೀ ಊರಿನ ಕರೆಂಟನ್ನು ಭಕ್ತಿಯಿಂದ ಬಿಟ್ಟಿದ್ದ. ಕೈಚಾಚುವುದರೊಳಗೆ ಪೆಟ್ಟಿಗೆಯ ಹಿಂದಿನಿಂದ ಚಟ್ ಅಂತ ಸಣ್ಣ ಸದ್ದು, ಸೀದ ಹಪ್ಪಳದ ವಾಸನೆ, ಒಂದು ಎಳೆ ಹೊಗೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಎರಡೂ ಕೈಯಿಂದ ಆ ಹೊಗೆಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ನೋಡಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ದನಿ ಏರಿಸುವ ಸುತ್ತು ಸುಟ್ಟಿತ್ತು, ದೀಪ ಉರಿಸುವ ಸುತ್ತು ಉಳಿದಿತ್ತು. ಅಂದರೆ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು, ಸಡಿಲ ತಗಡುಗಳು ಗುಂಯ್ ಅನ್ನುತ್ತಿದ್ದವು, ತುತ್ತೂರಿಯಿಂದ ಮಾತ್ರ ಒಂದು ಪಿಸುಮಾತೂ ಹೊರಡುತ್ತಿರಲಿಲ್ಲ. ದಾಸರು ಆಗಲೇ ಶ್ಲೋಕ ಎತ್ತಿಕೊಂಡಿದ್ದರು.

ನಿಲ್ಲಿಸಿದರೆ ಮರ್ಯಾದೆ ಹೋಗುವುದು ದಾಸರದ್ದು. ಪೆಟ್ಟಿಗೆಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅಧ್ಯಕ್ಷರು ಕೈ ಎತ್ತಿ, ಇನ್ನೊಂದು ಚೂರು ಜೋರು ಮಾಡಿ ಅಂತ ಸನ್ನೆ ಮಾಡಿದರು. ಬೇರೇನು ಮಾಡಲಿ, ಗುಂಡಿಯನ್ನು ಹಿಡಿದು ಬಲಕ್ಕೆ ತಿರುಗಿಸಿದೆ. ಅಧ್ಯಕ್ಷರು ಸರಿಯಾಯಿತು ಅಂತ ತಲೆ ಆಡಿಸಿದರು. ನಾನು ಬೆಪ್ಪಾದೆ. ಇನ್ನೊಂದು ಸಲ ಸನ್ನೆ ಮಾಡಿದರು, ಇನ್ನೊಂದು ಸಲ ತಿರುಗಿಸಿದೆ, ಮತ್ತೆ ತಲೆ ಆಡಿಸಿದರು. ಮೈಕು ತಮ್ಮ ಗುಟ್ಟು ಹಿಡಿದೀತೆಂಬ ಭಯಕ್ಕೆ ಆ ಚಪ್ಪರದಲ್ಲಿ ಸೊಳ್ಳೆ ಹೊಡೆಯುವುದಕ್ಕೂ ಯಾರೂ ಕೈಯೆತ್ತಲಿಲ್ಲ.

ಕಥೆ ಮುಗಿದಮೇಲೆ ಅಧ್ಯಕ್ಷರು ಬಂದು ನನ್ನ ಕೈ ಹಿಡಿದುಕೊಂಡರು. ಎಷ್ಟೋ ಮೈಕು ಕೇಳಿದ್ದೇನೆ, ಕಿವಿಗೆ ಕರ್ಕಶ, ಇದೊಂದೇ ನೋಡಿ ದಾಸರು ಬರೀ ಬಾಯಲ್ಲಿ ಹಾಡಿದ ಹಾಗೇ ಇತ್ತು ಅಂದರು.

೬. ನಿನ್ನೆಯದೇ ಹಾಕಿ

ಮಾನವಾಗಿ ಸುಮ್ಮನಿದ್ದುಬಿಡಬಹುದಾಗಿತ್ತು. ಆದರೆ ನನಗೂ ಕಸುಬಿನ ಅಭಿಮಾನ ಅಂತ ಒಂದಿದೆಯಲ್ಲ. ಮಾರನೆಯ ಬೆಳಿಗ್ಗೆ ಮೊದಲ ರೈಲಿಗೆ ಅರಸೀಕೆರೆಗೆ ಓಡಿ, ಅಟ್ಟದ ಮೇಲಿದ್ದ ನಡುವಿನ ಟ್ರಾನ್ಸ್‌ಫಾರ್ಮರನ್ನು ಇಳಿಸಿ, ಮಧ್ಯಾಹ್ನದೊಳಗೆ ವಾಪಸು ಬಂದು ಕೂರಿಸಿದೆ. ಈ ಸಲ ಸರಿಯಾದ ತಂತಿಗೇ ಕಟ್ಟಿದೆ. ಗುಂಯ್ ಇಲ್ಲ, ಹೊಗೆ ಇಲ್ಲ. ದಾಸರು ಗಂಟಲು ಸರಿಮಾಡಿಕೊಂಡದ್ದು ರೈಲ್ವೆ ಸ್ಟೇಷನ್ನಿನವರೆಗೆ ಕೇಳಿಸಿತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು.

ಕಾಲು ಗಂಟೆಯಲ್ಲಿ ಹಿಂದಿನ ಸಾಲು ಮಾತಿಗೆ ಶುರುಮಾಡಿತು. ತುತ್ತೂರಿ ಇಷ್ಟು ಅರಚುವಾಗ ತಮ್ಮ ಮಾತು ಯಾರಿಗೆ ಕೇಳಿಸೀತು ಅನ್ನುವ ಧೈರ್ಯ. ಆ ಹೆಣ್ಣಿನ ಜಾತಕ ನಿನ್ನೆ ನಿಂತಲ್ಲಿಂದ ಮುಂದುವರಿಯಿತು. ಅವರ ಮಾತು ಮೀರಿಸಲು ನಾನು ಗುಂಡಿ ತಿರುಗಿಸಿದೆ, ತುತ್ತೂರಿ ಕುಂಯ್ ಅಂತ ಕಿರುಚಿತು, ಮಕ್ಕಳು ಎದ್ದು ಅತ್ತವು, ವಿದ್ವಾಂಸರು ಶ್ರುತಿ ಎಲ್ಲಿ ಹೋಯಿತು ಅಂತ ಪೆಟ್ಟಿಗೆಯನ್ನು ದಿಟ್ಟಿಸಿದರು. ಅರ್ಧ ಕಥೆಗೆ ಅಧ್ಯಕ್ಷರು ಸಾಲುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು.

"ಏನ್ರೀ ಇದು, ನಿನ್ನೆ ಅಷ್ಟು ಸೊಗಸಾಗಿತ್ತು. ಏನು ಬದಲಾಯಿಸಿದ್ರಿ?"

ಟ್ರಾನ್ಸ್‌ಫಾರ್ಮರು ಅಂದೆ.

"ನಿನ್ನೇದೇ ಹಾಕಿ."

ನಿನ್ನೆಯದನ್ನೇ ಹಾಕಿದೆ. ಉಳಿದ ಐದು ದಿನವೂ ಸುಟ್ಟ ಟ್ರಾನ್ಸ್‌ಫಾರ್ಮರು ದೀಪ ಉರಿಸಿತು, ಗುಂಯ್ ಅಂದಿತು. ನಾನು ಸನ್ನೆ ಬಂದಾಗಲೆಲ್ಲ ಶ್ರದ್ಧೆಯಿಂದ ಗುಂಡಿ ತಿರುಗಿಸಿದೆ. ಚಪ್ಪರ ಉಸಿರು ಬಿಗಿಹಿಡಿದು ಕಥೆ ಕೇಳಿತು. ಕೊನೆಯ ದಿನ ಶಾಲು ಹೊದಿಸಿ, ಮುಂದಿನ ವರ್ಷವೂ ದಾಸರೇ ಬರಬೇಕು, ಇದೇ ಮೈಕಿನ ಜೊತೆ ಅಂತ ಸಮಿತಿ ಹೇಳಿತು. ಜಾವಗಲ್ಲಿನವರು ಅಲ್ಲೇ ಬಂದು ದಿನ ಗೊತ್ತುಮಾಡಿಕೊಂಡು ಹೋದರು. ಪಟ್ಟಾಭಿಷೇಕ ನೋಡಲು ಅರಸೀಕೆರೆಯಿಂದ ಬಂದಿದ್ದ ಸಾಹುಕಾರರು ಸುತ್ತಲಿದ್ದವರಿಗೆಲ್ಲ ಹೇಳುತ್ತಿದ್ದರು, ಆರಿಸಿದ್ದು ನಾನು, ಕಿವೀಲಿ ಕೇಳಿ ಆರಿಸಿದ್ದು ಅಂತ.

ಬಾಣಾವರದ ಪ್ಲಾಟ್‌ಫಾರಮ್ಮಿನಲ್ಲಿ ರೈಲಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. ದಾಸರ ಪಕ್ಕ ಬೆಂಚಿನ ಮೇಲೆ ಕೂತು ಎಲ್ಲ ಒಪ್ಪಿಕೊಂಡೆ. ಟ್ರಾನ್ಸ್‌ಫಾರ್ಮರು ಮೊದಲ ದಿನವೇ ಸುಟ್ಟಿತ್ತು, ತಪ್ಪು ನನ್ನದೇ, ಒಂದು ದಿನ ಬಿಟ್ಟರೆ ಮೈಕು ಉಸಿರೇ ಎತ್ತಿಲ್ಲ, ಅರಸೀಕೆರೆಗೆ ಹೋದ ತಕ್ಷಣ ರಿಪೇರಿ ಮಾಡಿಕೊಡುತ್ತೇನೆ ಅಂದೆ.

ದಾಸರು ಶಾಲನ್ನು ಮಡಿಚಿ ಮರದ ಪೆಟ್ಟಿಗೆಯ ಮೇಲೆ ಹೊದಿಸಿದರು.

"ನನ್ನ ದನಿ ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತಾಗಲ್ವೇನೋ? ಅಲ್ಲಿ ಅವರು ಕೈಯೆತ್ತಿದಾಗ ಇಲ್ಲಿ ನೀನು ಗುಂಡಿ ತಿರುಗಿಸ್ತಿದ್ದೆ. ಅದನ್ನ ನೋಡಿ ನಾನು ಏರಿಸ್ತಿದ್ದೆ. ಪಾಪ, ಮಾನ ಹೋಗೋದು ನಿಂದು ಅಲ್ಲವೇ ಅಂತ."

ಅವರು ಪೆಟ್ಟಿಗೆಯ ಮೇಲೆ ಕೈಯಾಡಿಸಿದರು.

"ಮೊದಲೇ ಹೇಳಿರಲಿಲ್ವೇ, ಕೆಟ್ಟಿದ್ದು ಜನಗಳ ಕಿವಿ. ಅದಕ್ಕೆ ಇದೇ ಸರಿಯಾದ ಔಷಧಿ. ದೀಪ ಉರೀತಾ ಇರಲಿ, ಗುಂಯ್ ಅಂತಾ ಇರಲಿ. ದಮ್ಮಯ್ಯ, ಇದನ್ನ ಮಾತ್ರ ರಿಪೇರಿ ಮಾಡಬೇಡ."